ಒದ್ದೆ ಬಟ್ಟೆಯ ವೈದ್ಯ

ಮೊನ್ನೆ ಭಾನುವಾರ ಮಧ್ಯಾಹ್ನ ಸೋಲದೇವನಹಳ್ಳಿ ರೈಲು ನಿಲ್ದಾಣದ ಕಡೆಯಿಂದ ಬಂದ ಹಳೆಯ ಕಾರೊಂದು ನಮ್ಮ ಬೀದಿಯ ತಿರುವಿನಲ್ಲಿ ನಿಂತುಬಿಟ್ಟಿತು. ಯಜಮಾನರು ಬಾನೆಟ್ ಎತ್ತಿದರು. ನೋಡಲು ಓಡಿದ ನನ್ನ ಮೊಮ್ಮಗ ಸೀದಾ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಟಬೇಡ ಕಣೋ!" ಎಂದು ನಾನು ಕೂಗಿದ್ದು ಎದುರು ಮನೆಗೂ ಕೇಳಿಸಿರಬೇಕು.

ಮಕ್ಕಳೇ, ರೇಡಿಯೇಟರಿನ ನೀರು ಒತ್ತಡದಲ್ಲಿರುತ್ತದೆ. ಹಾಗಾಗಿ 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ಸಡಿಲಿಸಿದಿರೋ, ಒತ್ತಡ ಇಳಿದು ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅಜ್ಜಿ ಕುಕ್ಕರ್ ತಣಿಯುವವರೆಗೆ ಮುಚ್ಚಳ ತೆಗೆಯುವುದಿಲ್ಲವಲ್ಲ, ಅದಕ್ಕೇ. ಎಂಜಿನ್ ಪೂರ್ತಿ ಆರಿದ ಮೇಲೆ, ಅದೂ ದೊಡ್ಡವರೇ ತೆಗೆಯಬೇಕು.

"ಮತ್ತೆ ಯಾಕೆ ನಿಂತಿತು ತಾತ?"

ಆ ಕಾಲದ ಎಂಜಿನ್ ಹೇಗಿತ್ತೆಂದು ತಿಳಿಯಲು ಪ್ರೀಮಿಯರ್ ಪದ್ಮಿನಿಯನ್ನೇ ನೋಡಿ. ಇಟಲಿಯ ಫಿಯಟ್ 1100ರ ವಂಶದ್ದು. 1089 ಸಿಸಿ, ನಾಲ್ಕು ಸಿಲಿಂಡರ್, ಸುಮಾರು 40 ಕುದುರೆಗಳ ಶಕ್ತಿ. ಕಾರ್ಬ್ಯುರೇಟರ್ ಪೆಟ್ರೋಲಿಗೆ ಗಾಳಿ ಬೆರೆಸಿಕೊಡುತ್ತಿತ್ತು. ಪೆಟ್ರೋಲ್ ಪಂಪ್ ಇದ್ದದ್ದು ಎಂಜಿನ್ನಿಗೇ ಅಂಟಿಕೊಂಡು. ಹಿಂದಿನ ಟ್ಯಾಂಕಿನಿಂದ ಅದು ಪೆಟ್ರೋಲನ್ನು ಹೀರಿಕೊಳ್ಳಬೇಕು. ತೊಂದರೆ ಇಲ್ಲೇ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಬಿಸಿಲು, ಟ್ರಾಫಿಕ್ಕು, ಎಂಜಿನ್ನಿನ ಕಾವು ಎಲ್ಲ ಸೇರಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ಎಷ್ಟು ಹೀರಿದರೂ ಗುಳುಗುಳು ಸದ್ದೇ ತಾನೇ? ಹಾಗೇ. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ಈಗಿನ ಕಾರುಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಕೂತು ಪೆಟ್ರೋಲನ್ನು ಒತ್ತಿ ಕಳಿಸುವುದರಿಂದ ಈ ಕಾಟ ಅಪರೂಪ.

ಕಾರಿನವರು ಗಾಬರಿಯಲ್ಲಿ ಚೋಕ್ ಎಳೆದೆಳೆದು ಸೆಲ್ಫ್ ಹೊಡೆಯುತ್ತಿದ್ದರು. ಚೋಕ್ ಬೇಕಾದದ್ದು ಚಳಿಯ ಬೆಳಗ್ಗೆಗೆ. ಕಾದ ಎಂಜಿನ್ನಿಗೆ ಅದನ್ನು ಎಳೆದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗು ಒದ್ದೆಯಾಗುತ್ತದೆ, ಬ್ಯಾಟರಿಯೂ ಸೊರಗುತ್ತದೆ. (ಪ್ಲಗ್ ಬಿಚ್ಚಿ ನೋಡಿದರೆ ಕಾಡಿಗೆಯಂತೆ ಕಪ್ಪು. ಉಪ್ಪುಕಾಗದದಲ್ಲಿ ಉಜ್ಜುತ್ತಾ ಕೂರುವ ಭಾನುವಾರಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು.)

"ಸ್ವಲ್ಪ ಬಿಡಿ ಸಾರ್" ಎಂದೆ. ನನ್ನ ಟವೆಲ್ಲನ್ನೇ ತಣ್ಣೀರಿನಲ್ಲಿ ಅದ್ದಿ ಹಿಂಡಿ, ಪಂಪಿಗೂ ಕೊಳವೆಗೂ ಸುತ್ತಿದೆವು. ವಯರುಗಳಿಗೆ ನೀರು ತಾಗದಂತೆ. ಇಪ್ಪತ್ತು ನಿಮಿಷ ನೆರಳಿನಲ್ಲಿ ಕೂತೆವು. ಮೊಮ್ಮಗನಿಗೆ ಆ ಇಪ್ಪತ್ತು ನಿಮಿಷ ಒಂದು ಯುಗ.

ಎರಡನೇ ಸೆಲ್ಫಿಗೇ ಗಾಡಿ ಹೊರಟಿತು. ಟವೆಲ್ಲಿಗೆ ಮಾತ್ರ ಇನ್ನೂ ಪೆಟ್ರೋಲ್ ವಾಸನೆ. ಮನೆಯಾಕೆ ಅದನ್ನು ಒಳಗೆ ಬಿಟ್ಟುಕೊಂಡಿಲ್ಲ.