ಅದು ಓಡಿದ್ದಲ್ಲ ಕಣ್ರೀ, ಕಾಲಿನ ಕೆಲಸ

"ಮೇವೆದರ್ ಹೆದರಿ ಓಡಾಡಿದ, ನಿಜವಾಗಿ ಗೆದ್ದದ್ದು ಪ್ಯಾಕಿಯಾವೊ." 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ನಡೆದ ಪಂದ್ಯದ ತುಣುಕು ಮೊಬೈಲಿಗೆ ಬಂದಾಗಲೆಲ್ಲ ಇದೇ ಮಾತು. ಬುಡವಿಲ್ಲದ ಮಾತು.

ಲೆಕ್ಕ ನೋಡಿ. ಪಂಚ್ ಎಣಿಸುವ ಕಂಪ್ಯುಬಾಕ್ಸ್‌ನವರ ಪ್ರಕಾರ 12 ಸುತ್ತಿನಲ್ಲಿ ಪ್ಯಾಕಿಯಾವೊ ಬೀಸಿದ್ದು 429, ತಗುಲಿದ್ದು 81. ಮೇವೆದರ್ ಬೀಸಿದ್ದು 435, ತಗುಲಿದ್ದು 148. ಹೆದರಿ ಓಡುವವನು ಎದುರಾಳಿಗಿಂತ ಆರು ಪಂಚ್ ಜಾಸ್ತಿ ಬೀಸುತ್ತಾನಾ?

ಪ್ಯಾಕಿಯಾವೊನ ಕೈ ಮಿಂಚು, ಅದರಲ್ಲಿ ಎರಡು ಮಾತಿಲ್ಲ. ಆದರೆ ಐದರಲ್ಲಿ ಒಂದು ಪಂಚೂ ಸರಿಯಾಗಿ ತಗುಲಲಿಲ್ಲ. ಯಾಕೆ? ಎದುರಿನವನು ಅರ್ಧ ಅಡಿ ಆಚೆ ಸರಿದಿದ್ದರೆ ಎಷ್ಟು ವೇಗದ ಕೈಯಾದರೂ ಗಾಳಿಗೇ ಗುದ್ದಬೇಕು. ಕಬಡ್ಡಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈ ಚಾಚುವ ಮೊದಲು ರೈಡರ್‌ನ ಕಾಲು ಎಲ್ಲಿದೆ ಅನ್ನುವುದೇ ಆಟ.

ಪ್ಯಾಕಿಯಾವೊ ಎಡಚ. ಬಲಗಾಲು ಮುಂದೆ, ಜೋರಿನ ಎಡಗೈ ಹಿಂದೆ. ಮೇವೆದರ್‌ನದು ಇದಕ್ಕೆ ತಿರುಗಾಮುರುಗಾ, ಎಡಗಾಲು ಮುಂದೆ. ಹೀಗಾದಾಗ ಇಬ್ಬರ ಮುಂಗಾಲೂ ಎದುರಾಬದರಾಗುತ್ತವೆ. ಯಾರ ಪಾದ ಇನ್ನೊಬ್ಬನ ಪಾದದ ಹೊರಬದಿಗೆ ಹೋಯಿತೋ ಅವನ ಹಿಂಗೈಗೆ ದಾರಿ ನೇರ. ಮೇವೆದರ್ ತನ್ನ ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಎರಡು ಲಾಭ: ಪ್ಯಾಕಿಯಾವೊನ ಎಡಗೈ ದೂರವಾಯಿತು, ತನ್ನ ಬಲಗೈ ಸೀದಾ ಅವನ ಮುಖಕ್ಕೆ. ಆ ರಾತ್ರಿ ಅವನ ಒಳ್ಳೆಯ ಪಂಚ್‌ಗಳಲ್ಲಿ ಆ ನೇರ ಬಲಗೈಯೇ ಮುಖ್ಯ.

ನಂಬಿಕೆ ಇಲ್ಲವಾ? ಸ್ಕ್ರೀನಿನ ಮೇಲರ್ಧ ಅಂಗೈಯಿಂದ ಮುಚ್ಚಿ ನಾಲ್ಕನೇ ಸುತ್ತು ನೋಡಿ. ಪ್ಯಾಕಿಯಾವೊನ ಎಡಗೈ ಬಿದ್ದು ಮೇವೆದರ್ ಹಗ್ಗಕ್ಕೆ ಒರಗಿದ, ಅವನ ಕಾಲು ನಿಂತಿತು. ಪ್ಯಾಕಿಯಾವೊನ ಕೈಗಳು ಸುರಿಮಳೆ ಸುರಿಸಿದ್ದು ಆಗಲೇ. ಕಾಲು ಮತ್ತೆ ಓಡಾಡತೊಡಗಿತು, ಮಳೆ ನಿಂತಿತು. ಕೈ ಅದೇ, ವೇಗ ಅದೇ. ಬದಲಾದದ್ದು ಪಾದ.

ಇದು ಬರೀ ಕಟ್ಟೆ ಹರಟೆಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ರೀಲ್ಸ್‌ನಲ್ಲಿ ಬರೀ ಕೈ ತೋರಿಸುತ್ತಾರೆ. ಅದನ್ನು ನೋಡಿ ಹುಡುಗರು ಚೀಲಕ್ಕೆ ಮರಳು ತುಂಬಿ, ನಿಂತಲ್ಲೇ ನಿಂತು ಗುದ್ದುತ್ತಾರೆ. ಚೀಲ ತಿರುಗಿ ಹೊಡೆಯುವುದಿಲ್ಲ. ರಿಂಗ್‌ನಲ್ಲಿ ಹೊಡೆಯುತ್ತಾರೆ, ತಲೆಗೇ ಹೊಡೆಯುತ್ತಾರೆ.

"ಪ್ಯಾಕಿಯಾವೊಗೆ ಬಲಭುಜ ನೋವಿತ್ತಲ್ಲ" ಅನ್ನುವವರಿದ್ದಾರೆ. ಇತ್ತು, ಪಂದ್ಯದ ನಂತರ ಆಪರೇಷನ್ನೂ ಆಯಿತು. ಆದರೆ ಜೋರಿನ ಎಡಗೈ ಚೆನ್ನಾಗಿಯೇ ಇತ್ತಲ್ಲ, ಅದೂ ಯಾಕೆ ಮುಟ್ಟಲಿಲ್ಲ? ಇನ್ನೂ ಹಿಂದಕ್ಕೆ ಹೋಗಿ. 2012ರ ಡಿಸೆಂಬರ್ 8, ಎದುರಿಗೆ ಹುವಾನ್ ಮ್ಯಾನುಯೆಲ್ ಮಾರ್ಕೆಸ್. ಐದು ಸುತ್ತು ಮುಗಿದಾಗ ಮೂವರು ಜಡ್ಜ್‌ಗಳ ಚೀಟಿಯಲ್ಲೂ 47-46ರಿಂದ ಪ್ಯಾಕಿಯಾವೊನೇ ಮುಂದಿದ್ದ. ಆರನೇ ಸುತ್ತು ಮುಗಿಯುವ ಹೊತ್ತಿಗೆ ಪಕ್ಕಕ್ಕೆ ಸರಿಯದೆ ನೇರ ನುಗ್ಗಿದ. ಮಾರ್ಕೆಸ್‌ನ ಬಲಗೈ ಒಂದೇ ಒಂದು ಸಲ ಬಂತು. ಮುಖ ಅಡಿಯಾಗಿ ಬಿದ್ದವನು ಪಂದ್ಯಕ್ಕೆ ಮತ್ತೆ ಏಳಲಿಲ್ಲ.