ಸೂಜಿ ಹಾಕಲು ನಾಲ್ಕು ವರ್ಷ ಬೇಕೆ?

"ಸೂಜಿ ಹಾಕಾಕ ನಾಕ ವರ್ಷ ಓದಬೇಕೇನ್ರೀ ಅಕ್ಕಾರ?" ನಮ್ಮ ಜಕ್ಕಲಿಯಲ್ಲಿ ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೇಳುವವರು ಕೆಟ್ಟ ಮನಸ್ಸಿನವರಲ್ಲ. ಮಗಳು ಪಿಯುಸಿ ಮುಗಿಸಿದ್ದಾಳೆ, ಮುಂದೇನು ಎಂಬ ಚಿಂತೆಯಲ್ಲಿರುವ ತಂದೆತಾಯಿ. ಆದರೆ ಇದೇ ಮಾತನ್ನು ಪಟ್ಟಣದ ಓದಿದವರು ಬೇರೆ ಉಡುಗೆ ತೊಡಿಸಿ ಹೇಳುತ್ತಾರೆ: "ನರ್ಸಿಂಗ್ ಎಂದರೆ ಸೇವೆ. ಅದಕ್ಕೆ ಹೃದಯ ಬೇಕು, ಡಿಗ್ರಿ ಅಲ್ಲ." ಮೊದಲನೆಯವರಿಗೆ ನಾನು ಸಮಾಧಾನದಿಂದ ಉತ್ತರ ಹೇಳುತ್ತೇನೆ. ಎರಡನೆಯವರ ಮೇಲೆ ಸಿಟ್ಟು ಬರುತ್ತದೆ. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದು, ಆಮೇಲೆ ಹುಡುಗಿಯರಿಗೆ ಅದೇ ಕೆಲಸ ಕಲಿಸಿದ ನನಗೆ ಅಷ್ಟು ಸಿಟ್ಟು ಮಾಡುವ ಹಕ್ಕಿದೆ ಎಂದುಕೊಂಡಿದ್ದೇನೆ.

ಸೇವೆ ಎಂಬ ಮಾತು ಕೇಳಲು ಇಂಪು. ಆದರೆ ಎಂಜಿನಿಯರನಿಗೆ, ವಕೀಲನಿಗೆ ಯಾರೂ "ನಿನಗೆ ಹೃದಯವಿದ್ದರೆ ಸಾಕು" ಎನ್ನುವುದಿಲ್ಲ. ಹೆಂಗಸರು ಮಾಡುವ ಕೆಲಸಕ್ಕೆ ಮಾತ್ರ ಹೃದಯದ ಹೊಗಳಿಕೆ. ಅದರ ಹಿಂದೆಯೇ ಕಡಿಮೆ ಪಗಾರ. ಫ್ಲಾರೆನ್ಸ್ ನೈಟಿಂಗೇಲಳ ಕೈಯಲ್ಲಿ ನಾವು ಬರೀ ದೀಪ ಕೊಟ್ಟು ಚಿತ್ರ ಬರೆಸಿ ಗೋಡೆಗೆ ತೂಗುಹಾಕಿದ್ದೇವೆ. ಆಕೆ ಸೈನಿಕರ ಸಾವಿನ ಅಂಕಿಸಂಖ್ಯೆಗಳನ್ನು ಜೋಡಿಸಿ ಸರಕಾರದ ಮುಂದೆ ವಾದಿಸಿದವಳು. 1858ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರ ಸಂಘಕ್ಕೆ ಸದಸ್ಯಳಾದ ಮೊದಲ ಹೆಣ್ಣು. 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆಗೆದದ್ದು ಕೂಡ, ಬರೀ ಒಳ್ಳೆಯ ಮನಸ್ಸಿನಿಂದ ರೋಗಿ ಬದುಕುವುದಿಲ್ಲ ಎಂದು ಗೊತ್ತಿದ್ದುದರಿಂದಲೇ.

ಇನ್ನು ಸೂಜಿಯ ಮಾತು. ನಮ್ಮ ಊರುಗಳಲ್ಲಿ ಈಗ ಸಕ್ಕರೆ ಕಾಯಿಲೆ ಇಲ್ಲದ ಓಣಿ ಇಲ್ಲ. ಇನ್ಸುಲಿನ್ ಬಾಟಲಿಗಳಲ್ಲಿ ಎರಡು ಬಗೆ: ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಎರಡಕ್ಕೂ ಬೇರೆ ಬೇರೆ ಸಿರಿಂಜು. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್. ರಾತ್ರಿ ಊಟ ಸೇರದೆ ಮಲಗಿದ ಅಜ್ಜಿಗೆ ಇಷ್ಟು ಹೋದರೆ ಬೆಳಿಗ್ಗೆ ಏಳುತ್ತಾಳೆ ಎಂಬ ಭರವಸೆ ಇಲ್ಲ. ಸಲಾಯಿನ್ ತೆಗೆದುಕೊಳ್ಳಿ. ಅರ್ಧ ಲೀಟರ್ ಬಾಟಲಿ ನಾಲ್ಕು ತಾಸಿನಲ್ಲಿ ಹೋಗಬೇಕೆಂದು ಡಾಕ್ಟರು ಬರೆದು ಹೋಗುತ್ತಾರೆ. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಾದರೆ ನಿಮಿಷಕ್ಕೆ 42 ಹನಿ ಇಡಬೇಕು. 15 ಹನಿಯದಾದರೆ 31. ಹೃದಯ ಸೋತ ಮುದುಕನಿಗೆ ಈ ಲೆಕ್ಕ ತಪ್ಪಿ ಬಾಟಲಿ ಸರ್ರನೆ ಇಳಿದುಹೋದರೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಬಾಣಂತಿಯ ವಿಷಯ ಹೆಂಗಸರಾದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆರಿಗೆಯಾದ ಮೊದಲ ತಾಸು ಎಲ್ಲರ ಕಣ್ಣೂ ಕೂಸಿನ ಮೇಲೆ. ತಾಯಿಯ ಮೇಲೆ ಕಣ್ಣಿಡುವವಳು ನರ್ಸ್ ಒಬ್ಬಳೇ. ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಕೋಶ ಚೆಂಡಿನ ಹಾಗೆ ಗಟ್ಟಿಯಾಗಿ ಸಿಗಬೇಕು. ಮೆತ್ತಗಿದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದೇ ತಿಳಿಯಬೇಕು. ಬಿ.ಪಿ. ಇಳಿಯುವವರೆಗೆ ಕಾಯುವಂತಿಲ್ಲ, ಅದಕ್ಕೂ ಮೊದಲೇ ನಾಡಿ ಓಡತೊಡಗುತ್ತದೆ. ಕಾಲು ತಾಸಿಗೊಮ್ಮೆ ನಾಡಿ ಹಿಡಿದು, ಬಟ್ಟೆ ನೋಡಿ, ಡಾಕ್ಟರನ್ನು ಯಾವಾಗ ಎಬ್ಬಿಸಬೇಕೆಂದು ತೀರ್ಮಾನಿಸುವವಳು ಅವಳು. ಇದಕ್ಕೆ ಶರೀರಶಾಸ್ತ್ರ ಬೇಕು, ಔಷಧಶಾಸ್ತ್ರ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ನಡುರಾತ್ರಿ ದೊಡ್ಡ ಡಾಕ್ಟರಿಗೆ "ಈಗಲೇ ಬನ್ನಿ" ಎನ್ನುವ ಎದೆಗಾರಿಕೆ ಬೇಕು. ತನಗೆ ಗೊತ್ತಿದೆ ಎಂಬ ನಂಬಿಕೆ ಇಲ್ಲದವಳಿಗೆ ಆ ಎದೆಗಾರಿಕೆ ಬರುವುದಿಲ್ಲ.

ಇದು ನನ್ನೊಬ್ಬಳ ಮಾತಲ್ಲ. 2014ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ ಅಧ್ಯಯನ ಬಂತು. ನಾಲ್ಕು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯ ರೋಗಿಗಳ ದಾಖಲೆ ಅದರಲ್ಲಿತ್ತು. ಡಿಗ್ರಿ ಓದಿದ ನರ್ಸುಗಳ ಪಾಲು ನೂರಕ್ಕೆ ಹತ್ತು ಹೆಚ್ಚಿದ ಕಡೆ ರೋಗಿ ಸಾಯುವ ಸಂಭವ ನೂರಕ್ಕೆ ಏಳರಷ್ಟು ಕಡಿಮೆ ಇತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ, ಇದನ್ನು ನಮ್ಮ ಆಸ್ಪತ್ರೆಯ ಮಾಲಕರು ಓದುವುದಿಲ್ಲ: ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ಅಷ್ಟೇ, ನೂರಕ್ಕೆ ಏಳರಷ್ಟು, ಏರುತ್ತದೆ.

ಹಾಗಾದರೆ ಡಿಗ್ರಿ ಬೇಕು. ಆದರೆ ಈಗ ಮಾರುತ್ತಿರುವ ಡಿಗ್ರಿ ಇದೆಯಲ್ಲ, ಅದರ ಬಗ್ಗೆ ನನ್ನ ಜಗಳ ಬೇರೆಯೇ ಇದೆ. ನಮ್ಮ ದೇಶದಲ್ಲಿ ಬಿ.ಎಸ್ಸಿ. ನರ್ಸಿಂಗ್ 1946ರಲ್ಲಿ ದಿಲ್ಲಿ ಮತ್ತು ವೆಲ್ಲೂರಿನಲ್ಲಿ ಶುರುವಾದಾಗ ರೋಗಿಗಳಿಂದ ತುಂಬಿದ ಆಸ್ಪತ್ರೆ ಮೊದಲಿತ್ತು, ಕಾಲೇಜು ಅದರ ಬೆನ್ನಿಗೆ ಬಂತು. ಈಗ ಕಾಲೇಜು ಮೊದಲು, ಆಸ್ಪತ್ರೆ ಕಾಗದದ ಮೇಲೆ. ಕಾಲೇಜಿಗೆ ನೂರು ಹಾಸಿಗೆಯ ತನ್ನದೇ ಆಸ್ಪತ್ರೆ ಇರಬೇಕೆಂದು ನಿಯಮ ಬರೆದಿಟ್ಟರು. ನಿಯಮ ಹಾಸಿಗೆಯನ್ನು ಎಣಿಸುತ್ತದೆ, ಅದರ ಮೇಲೆ ಮಲಗಿದವರನ್ನು ನೋಡಿ ಬರುವುದು ವರ್ಷಕ್ಕೊಂದು ದಿನ. ತಪಾಸಣೆಯ ದಿನ ಆಟೋದಲ್ಲಿ ಜನರನ್ನು ಕರೆತಂದು ಮಲಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಧ್ಯಾಹ್ನ ಅವರಿಗೆ ಪಲಾವು, ಸಂಜೆ ಮನೆ. ಕಾಲೇಜಿನ ಹೆಸರು ಬೇಡ. ಅಲ್ಲಿ ಓದಿದ ಹುಡುಗಿಯರ ತಪ್ಪೇನಿತ್ತು? ಒಬ್ಬಳ ತಂದೆ ಎರಡು ಎಕರೆ ಎರೆ ಹೊಲ ಒತ್ತೆಯಿಟ್ಟಿದ್ದರು. ಆ ಹುಡುಗಿ ನಾಲ್ಕನೆಯ ವರ್ಷಕ್ಕೆ ಬಂದರೂ ಒಂದು ಹೆರಿಗೆಯನ್ನು ಸರಿಯಾಗಿ ಕಂಡಿರಲಿಲ್ಲ. ಅವಳ ಕೇಸ್ ಬುಕ್ಕಿನಲ್ಲಿ ಮಾತ್ರ ಹೆರಿಗೆಗಳು ಚಂದದ ಅಕ್ಷರದಲ್ಲಿ ಸಾಲಾಗಿ ಇದ್ದವು.

ಇದಕ್ಕೆ ತದ್ವಿರುದ್ಧವಾದ ಅನ್ಯಾಯವೂ ಉಂಟು. ರೋಗಿಗಳಿರುವ ಆಸ್ಪತ್ರೆಯಲ್ಲಿ ವಿದ್ಯಾರ್ಥಿನಿಯನ್ನು ಪುಕ್ಕಟೆ ಆಳು ಮಾಡಿಕೊಳ್ಳುತ್ತಾರೆ. ಸ್ಟಾಫ್ ಇಲ್ಲ, ಮೂವತ್ತು ರೋಗಿಗಳ ವಾರ್ಡಿಗೆ ಎರಡನೆಯ ವರ್ಷದ ಹುಡುಗಿ ರಾತ್ರಿ ಒಬ್ಬಳೇ. ಅವಳು ಕಲಿಯುವುದು ಓಡುವುದನ್ನು ಮಾತ್ರ. ಬ್ರಿಟನ್ನಿನಲ್ಲಿ ನರ್ಸ್ ಆಗುವವಳಿಗೆ 2,300 ಗಂಟೆ ಪಾಠ, ಅಷ್ಟೇ 2,300 ಗಂಟೆ ಪ್ರಾಯೋಗಿಕ ಕಲಿಕೆ. ವಾರ್ಡಿನಲ್ಲಿ ಅವಳನ್ನು ಸಿಬ್ಬಂದಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ನನಗೆ ಆ ದೇಶದ ಬಗ್ಗೆ ವಿಶೇಷ ವ್ಯಾಮೋಹವಿಲ್ಲ, ಆದರೆ ಈ ಒಂದು ನಿಯಮವನ್ನು ಕದ್ದು ತಂದರೂ ಪಾಪ ಬಾರದು. ನಮ್ಮಲ್ಲಿ 2021ರಲ್ಲಿ ಹೊಸ ಪಠ್ಯಕ್ರಮ ಬಂತು. ಎಂಟು ಸೆಮಿಸ್ಟರ್, ಕ್ರೆಡಿಟ್, ಗೊಂಬೆಗಳ ಮೇಲೆ ಅಭ್ಯಾಸ. ಒಳ್ಳೆಯದೇ. ಗೊಂಬೆಯ ಕೈ ಚುಚ್ಚಿ ತಪ್ಪಿದರೆ ಯಾರಿಗೂ ನೋವಿಲ್ಲ. ಆದರೆ ಗೊಂಬೆ "ಅವ್ವಾ" ಎನ್ನುವುದಿಲ್ಲ.

ಭಾಷೆಯ ಮಾತು ಬಂದರೆ ಜಕ್ಕಲಿಯವಳಾದ ನನಗೆ ಸುಮ್ಮನಿರಲು ಆಗುವುದಿಲ್ಲ. ಕನ್ನಡ ನಾಡು ಒಂದಾಗಬೇಕೆಂದು ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ನಮ್ಮದು. ನಮ್ಮ ಹುಡುಗಿಯರು ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ನರ್ಸಿಂಗಿಗೆ ಹೋದ ಮೊದಲ ದಿನವೇ ಇಂಗ್ಲಿಷಿನ ದಪ್ಪ ಪುಸ್ತಕದ ಮುಂದೆ ಮೂಕರಾಗುತ್ತಾರೆ. ಬುದ್ಧಿ ಇದ್ದವಳೂ ಬಾಯಿಪಾಠಕ್ಕೆ ಇಳಿಯುತ್ತಾಳೆ. ಅತ್ತ ರೋಗಿ ಹೇಳುವುದು "ಎದಿ ಹೊಡಕೊಳ್ಳಾಕತ್ತೈತಿ", "ಕಣ್ಣಿಗೆ ಕತ್ತಲಿ ಬರಾಕತ್ತೈತಿ", "ಜೀವ ತಳಮಳ ಅನ್ನಾಕತ್ತೈತಿ". ಈ ಮೂರು ಮಾತುಗಳ ಹಿಂದೆ ಮೂರು ಬೇರೆ ಅಪಾಯಗಳಿರಬಹುದು. ನಾನು ಕಂಡ ಯಾವ ಪಠ್ಯಪುಸ್ತಕದಲ್ಲೂ ಇವು ಇರಲಿಲ್ಲ. ಇಂಗ್ಲಿಷ್ ಬೇಡವೆನ್ನುವುದಿಲ್ಲ, ಔಷಧದ ಚೀಟಿ ಅದರಲ್ಲೇ ಇರುತ್ತದೆ. ಆದರೆ ಮೊದಲ ವರ್ಷ ಎರಡೂ ಭಾಷೆಯಲ್ಲಿ ಕಲಿಸಿದರೆ ಯಾರ ಗಂಟು ಹೋಗುತ್ತದೆ? ರೋಗಿಯ ಮಾತು ಕೇಳಿ ಬರೆದುಕೊಳ್ಳುವುದಕ್ಕೂ ಒಂದಿಷ್ಟು ಅಂಕ ಇಡಬಾರದೆ?

ಕಲಿಸುವವರ ಬಗ್ಗೆ ಒಂದೇ ಮಾತು. ಹತ್ತು ವರ್ಷದಿಂದ ರೋಗಿಯ ಮೈ ಮುಟ್ಟದ ಪ್ರೊಫೆಸರ್ ಹಾಸಿಗೆಯ ಪಕ್ಕದಲ್ಲಿ ನಿಂತು ಏನು ಕಲಿಸಿಯಾಳು? ವಾರಕ್ಕೆರಡು ದಿನ ಆಕೆಗೂ ವಾರ್ಡ್ ಡ್ಯೂಟಿ ಹಾಕಿ.

ಡಿಪ್ಲೊಮಾವನ್ನೇ ನಿಲ್ಲಿಸಿಬಿಡಬೇಕೆಂಬ ಮಾತು ಕೆಲವು ವರ್ಷಗಳ ಹಿಂದೆ ಎದ್ದಿತ್ತು. ಡಿಗ್ರಿಯ ಪರವಾಗಿರುವ ನಾನು ಇದನ್ನು ಒಪ್ಪುವುದಿಲ್ಲ. ಬಡವರ ಮನೆಯ ಹುಡುಗಿ ಎ.ಎನ್.ಎಂ. ಅಥವಾ ಜಿ.ಎನ್.ಎಂ. ಮಾಡಿ ದುಡಿಮೆಗೆ ನಿಲ್ಲುತ್ತಾಳೆ. ತಮ್ಮನ ಫೀ, ಅವ್ವನ ಔಷಧ ಅವಳ ಪಗಾರದಲ್ಲೇ ನಡೆಯುತ್ತದೆ. ಡಿಪ್ಲೊಮಾ ಆದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಡಿಗ್ರಿ ಇದೆಯಲ್ಲ, ಅದಕ್ಕೆ ಪಗಾರದ ಸಮೇತ ರಜೆ ಕೊಟ್ಟು ಕಳಿಸಲಿ. ಏಣಿ ಇಟ್ಟು ಹತ್ತಿಸುವ ಬದಲು ಕೆಳಗಿನ ಮೆಟ್ಟಿಲು ಮುರಿಯುವುದು ಯಾವ ಸುಧಾರಣೆ?

ಇಷ್ಟೆಲ್ಲ ಓದಿದ ಮೇಲೆ ಸಿಗುವುದೇನು? 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ನಿಮ್ಮೂರ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುವ ಹುಡುಗಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ ನೋಡಿ, ಎಷ್ಟು ಕೈಗೆ ಬರುತ್ತದೆಂದು. 2023ರಲ್ಲಿ ಸಂಸತ್ತು 1947ರ ಹಳೆಯ ಕಾಯ್ದೆಯ ಜಾಗದಲ್ಲಿ ಹೊಸ ನರ್ಸಿಂಗ್ ಆಯೋಗದ ಕಾಯ್ದೆ ಮಾಡಿದೆ. ಹಾಸಿಗೆ ಎಣಿಸುವುದನ್ನು ಬಿಟ್ಟು ರೋಗಿಗಳನ್ನು ಎಣಿಸಲು ಅದರಿಂದಾದರೂ ಆಗುತ್ತದೋ ನೋಡಬೇಕು.

ಅಲ್ಲಿಯವರೆಗೆ ಎಣಿಸುವ ಕೆಲಸ ನಮ್ಮದೇ. ಮಗಳನ್ನು ನರ್ಸಿಂಗಿಗೆ ಸೇರಿಸುವ ತಾಯಂದಿರೆ, ಏಜೆಂಟ ತೋರಿಸುವ ಬಣ್ಣದ ಪುಸ್ತಕ ಬದಿಗಿಡಿ. ಫೀ ಕಟ್ಟುವ ಮೊದಲು ಒಂದು ದಿನ ಬಸ್ಸು ಹತ್ತಿ ಆ ಕಾಲೇಜಿನ ಆಸ್ಪತ್ರೆಗೆ ಹೋಗಿ. ಹಗಲು ಹೋಗಬೇಡಿ, ರಾತ್ರಿ ಎಂಟಕ್ಕೆ ಹೋಗಿ. ಎಷ್ಟು ಹಾಸಿಗೆಯಲ್ಲಿ ನಿಜವಾಗಿ ರೋಗಿ ಇದ್ದಾರೆ, ಹೆರಿಗೆ ವಾರ್ಡಿನಲ್ಲಿ ಕೂಸು ಅಳುತ್ತಿದೆಯೋ ಇಲ್ಲವೋ, ಡ್ಯೂಟಿಯ ಮೇಲಿರುವ ಹುಡುಗಿಯ ಜೊತೆ ಹಿರಿಯ ನರ್ಸ್ ಒಬ್ಬಳಾದರೂ ನಿಂತಿದ್ದಾಳೆಯೋ, ನೋಡಿಕೊಂಡು ಬನ್ನಿ.