ಗಡಿಯಾರದ ನೆನಪು ಸಾಕು, ಹರಳಿನ ಮಾತಾಡೋಣ

ಎಚ್‌ಎಂಟಿ ಗಡಿಯಾರದ ಬಗ್ಗೆ ಕನ್ನಡದಲ್ಲಿ ಇನ್ನೊಂದು ನೆನಪಿನ ಪ್ರಬಂಧ ಬಂದರೆ ನಾನಂತೂ ಓದುವುದಿಲ್ಲ. ಅಪ್ಪನ ಮಣಿಕಟ್ಟು, ಮದುವೆಯ ಉಡುಗೊರೆ, ಬೆಳಿಗ್ಗೆ ಕೀಲಿ ಕೊಡುವ ಶಾಸ್ತ್ರ, ಕೊನೆಗೊಂದು ನಿಟ್ಟುಸಿರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಜಾಲಹಳ್ಳಿಯಲ್ಲಿ ಶುರುವಾಗಿ, 2016ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆಯೊಂದಿಗೆ ಮುಚ್ಚಿದ ಉದ್ಯಮಕ್ಕೆ ನಾವು ಬರೆಯುವವರು ಕೊಟ್ಟಿದ್ದು ಇಷ್ಟೇ. ಅದು ಯಾಕೆ ಸೋತಿತು ಎಂದರೆ ‘ಮಾರುಕಟ್ಟೆ’, ‘ಕಾಲ’ ಎನ್ನುತ್ತೇವೆ. ಸರಕಾರಿ ನಿಧಾನವನ್ನೂ ಸೇರಿಸಿಕೊಳ್ಳಿ. ಆದರೆ 1984ರಲ್ಲಿ ಹುಟ್ಟಿ, ಎಲೆಕ್ಟ್ರಾನಿಕ್ ಸಿಟಿಯಾಚೆ ಹೊಸೂರಿನಲ್ಲಿ ಕಾರ್ಖಾನೆ ಹೂಡಿದ ಟೈಟಾನ್ ನಂಬಿದ್ದು ಅಕ್ಕಿಕಾಳಿನಷ್ಟು ಚಿಕ್ಕ ಹರಳನ್ನು. ಆ ಹರಳಿನ ಬಗ್ಗೆ ನಮ್ಮ ಸಾಹಿತ್ಯಕ್ಕೆ ಕುತೂಹಲವೇ ಇಲ್ಲ.

ಕ್ವಾರ್ಟ್ಜ್ ಗಡಿಯಾರದೊಳಗಿನ ಹರಳಿಗೆ ಶ್ರುತಿಕವೆಯ ಆಕಾರ. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ; ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಒಂದು ಉಳಿಯುತ್ತದೆ, ಮುಳ್ಳು ಚಲಿಸುತ್ತದೆ. ಈ ಶ್ರುತಿಯನ್ನು ಕೆಡಿಸುವುದು ಶಾಖ. ಬಿಸಿಯೇರಿದಂತೆ ಪರಮಾಣುಗಳ ಕುಣಿತ ಹೆಚ್ಚಿ ಹಿಡಿತ ಸಡಿಲವಾಗುತ್ತದೆ, ಹೆಚ್ಚಿನ ಘನವಸ್ತುಗಳಲ್ಲಿ ಶಬ್ದದ ಅಲೆ ನಿಧಾನವಾಗುತ್ತದೆ. ಕ್ವಾರ್ಟ್ಜ್ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಅದರ ಬಿಗಿತ ಒಂದು ಬಗೆಯ ಎಳೆತಕ್ಕೆ ಬಿಸಿಯಲ್ಲಿ ಕುಗ್ಗಿದರೆ ಇನ್ನೊಂದಕ್ಕೆ ಹೆಚ್ಚುತ್ತದೆ. ಸರಿಯಾದ ಕೋನದಲ್ಲಿ ಕೊಯ್ದರೆ ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಕೈಗಡಿಯಾರದ ಹರಳಿನಲ್ಲಿ ಈ ಸಮತೋಲ ಸುಮಾರು 25 ಡಿಗ್ರಿಯಲ್ಲಿ. ಅಲ್ಲಿಂದ 20 ಡಿಗ್ರಿ ಏರಿದರೆ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಂದೆ ಬೀಳುತ್ತದೆ. ತಮಾಷೆಯೆಂದರೆ, 20 ಇಳಿದರೂ ಅಷ್ಟೇ ಹಿಂದೆ!

ಇದನ್ನೆಲ್ಲ ಹೇಳಿದರೆ ವೈಟ್‌ಫೀಲ್ಡಿನ ಗೆಳೆಯರು ‘ಕನ್ನಡದಲ್ಲಿ ಯಾಕೆ?’ ಎನ್ನುತ್ತಾರೆ, ಸಾಹಿತ್ಯದ ಗೆಳೆಯರು ‘ಇದೂ ಸಾಹಿತ್ಯವೇ?’ ಎನ್ನುತ್ತಾರೆ. ಎರಡೂ ಒಂದೇ ಸೋಮಾರಿತನ. ಬಿಸಿಗೆ ತಂಬೂರಿಯ ಶ್ರುತಿ ಇಳಿಯುವುದನ್ನು ಬಲ್ಲ ಭಾಷೆಗೆ ಹರಳಿನ ಶ್ರುತಿ ಹೇಳಲು ಪದವಿಲ್ಲವೇ? ಫೋನಾನ್ ಫೋನಾನ್ ಆಗಿಯೇ ಇರಲಿ. ಬಸ್ಸು ಬಸ್ಸಾಗಿಯೇ ಇಲ್ಲವೇ? ಪೀಣ್ಯದಲ್ಲಿ ದಿನವಿಡೀ ಸರ್ಕಿಟ್ ಬೋರ್ಡುಗಳ ಮುಂದೆ ಕೂರುವವರ ಕೈಯಲ್ಲಿರುವ ವಸ್ತು ಅವರ ಭಾಷೆಯಲ್ಲೇ ಇಲ್ಲ ಎನ್ನುವುದು ನನಗೆ ಸಣ್ಣ ಮಾತಲ್ಲ.

ಫೆಬ್ರವರಿ 28ಕ್ಕೆ ರಾಮನ್ ಪಟಕ್ಕೆ ಹಾರ ಹಾಕುವ ನಮಗೆ 1940 ಗೊತ್ತಿಲ್ಲ. ಆ ವರ್ಷ ಇದೇ ಊರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ ರಾಮನ್, ನೆಡುಂಗಾಡಿಯವರೊಂದಿಗೆ, ಕ್ವಾರ್ಟ್ಜನ್ನು ಕಾಯಿಸಿ ನೋಡಿದ್ದನ್ನು ಪ್ರಕಟಿಸಿದರು. ಸುಮಾರು 573 ಡಿಗ್ರಿಯಲ್ಲಿ ಅದರ ಒಳರಚನೆಯೇ ಬದಲಾಗುತ್ತದೆ. ಆ ಬಿಂದು ಹತ್ತಿರವಾದಂತೆ ಒಂದು ಕಂಪನದ ರೋಹಿತರೇಖೆ ಕೆಳಕ್ಕೆ ಜಾರಿ ಮಸುಕಾಯಿತು. ಗಡಿಯಾರದ ಕಂಪನಕ್ಕಿಂತ ಕೋಟಿಗಟ್ಟಲೆ ಪಟ್ಟು ವೇಗದ ಕಂಪನ ಅದು. ಹರಳು ರೂಪ ಬದಲಿಸುವ ಮುನ್ನ ಅದರೊಳಗಿನ ಒಂದು ಸ್ವರ ಸಡಿಲಗೊಳ್ಳುತ್ತದೆ! ಕಾಕ್ರನ್ ಮತ್ತು ಆಂಡರ್ಸನ್ ಇಂಥ ಮೃದು ಕಂಪನಕ್ಕೆ ಸಿದ್ಧಾಂತ ಕಟ್ಟಿದ್ದು ಸುಮಾರು ಎರಡು ದಶಕದ ಬಳಿಕ.

ಮುಂದಿನ ಎಚ್‌ಎಂಟಿ ಪ್ರಬಂಧ ಬರೆಯುವವರು ದಯವಿಟ್ಟು ಹಳೆಯದೊಂದು ಕ್ವಾರ್ಟ್ಜ್ ಗಡಿಯಾರ ಬಿಚ್ಚಲಿ. ಎಚ್‌ಎಂಟಿಯದೇ ಆದರೂ ಸರಿ, ಅವರೂ ಮಾಡಿದ್ದರು. ಬೆಳ್ಳಿ ಬಣ್ಣದ ಪುಟ್ಟ ಕೊಳವೆ ಸಿಗುತ್ತದೆ. ಹರಳು ಅದರೊಳಗಿದೆ.